ಶಾಲೆಯ ಆಟದ ಕೋಣೆಗೆ ತಂತಿಯೇ ಲೇಸು

ವಿಡಿಯೊ ಗೇಮ್ ಎಂದೊಡನೆ ಹುಬ್ಬು ಗಂಟಿಕ್ಕುವ ಹಿರಿಯರು ಇಂದಿಗೂ ಉಂಟು. ಆದರೆ ಭಾರತ ಸರಕಾರವು 2022ರ ಡಿಸೆಂಬರಿನಲ್ಲಿ ಇ-ಸ್ಪೋರ್ಟ್ಸ್‌ಗೆ ಬಹುಕ್ರೀಡಾ ಸ್ಪರ್ಧೆಗಳ ಅಂಗವಾಗಿ ಮನ್ನಣೆ ನೀಡಿತು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅದಕ್ಕೆ ಪದಕಗಳೂ ದೊರೆತವು. ಗಬ್ಬೂರಿನಂತಹ ಊರಿನ ಶಾಲೆಯ ಗಣಕಯಂತ್ರದ ಕೋಣೆಗೆ ಹಳೆಯ ವಿದ್ಯಾರ್ಥಿಗಳು ಇಂತಹ ಆಟದ ಸಲಕರಣೆಗಳನ್ನು ಕಾಣಿಕೆಯಾಗಿ ಕೊಡಬಯಸಿದರೆ ಆಕ್ಷೇಪಿಸಲು ಕಾರಣವಿಲ್ಲ. ವಿಚಾರ ಮಾಡಬೇಕಾದುದು ಒಂದುಂಟು: ಮಕ್ಕಳು ಕೈಯಲ್ಲಿ ಹಿಡಿಯುವ ಕಂಟ್ರೋಲರು ತಂತಿಯುಳ್ಳದ್ದಾಗಿರಬೇಕೋ, ನಿಸ್ತಂತುವಾಗಿರಬೇಕೋ?

1977ರಲ್ಲಿ ಅಮೆರಿಕದ ಅಟಾರಿ ಸಂಸ್ಥೆಯು ಮನೆಮನೆಗೆ ಮುಟ್ಟಿಸಿದ ಆಟದ ಯಂತ್ರದ ಕೋಲಿಗೆ ತಂತಿಯಿತ್ತು. ಜಪಾನಿನ ನಿಂಟೆಂಡೊ ಸಂಸ್ಥೆಯು 2002ರಲ್ಲಿ ರೇಡಿಯೊ ಅಲೆಗಳಿಂದ ನಡೆಯುವ ವೇವ್‌ಬರ್ಡ್ ಎಂಬ ಕಂಟ್ರೋಲರನ್ನು ತಂದಿತು. 2005 ಮತ್ತು 2006ರಲ್ಲಿ ಬಂದ ಎಕ್ಸ್‌ಬಾಕ್ಸ್ 360, ಪ್ಲೇಸ್ಟೇಷನ್ 3 ಯಂತ್ರಗಳ ತರುವಾಯ ನಿಸ್ತಂತುವೇ ರೂಢಿಯಾಯಿತು. ಮನೆಯ ರೇಡಿಯೊ ಪೆಟ್ಟಿಗೆಗೂ ಪರವಾನಗಿ ಬೇಕಾಗಿದ್ದ ದಿನಗಳನ್ನು ಕಂಡ ಹಿರಿಯರಿಗೆ, 2005ರಿಂದ ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯ ಅಲ್ಪಶಕ್ತಿಯ ಸಾಧನಗಳಿಗೆ ಪರವಾನಗಿ ಬೇಡವಾಗಿರುವುದು ಸೋಜಿಗವೆನಿಸಬಹುದು.

ನಿಸ್ತಂತು ಕಂಟ್ರೋಲರು ನಿಧಾನವೆಂಬ ದೂರು ಈಗ ಅಷ್ಟಾಗಿ ಸಲ್ಲದು. ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಮೂಡುವಾಗ ಒಂದೊಂದು ಚಿತ್ರಕ್ಕೆ ಸುಮಾರು 17 ಮಿಲಿಸೆಕೆಂಡು ಹಿಡಿಯುತ್ತದೆ. ಒಳ್ಳೆಯ ನಿಸ್ತಂತು ಕಂಟ್ರೋಲರಿನ ವಿಳಂಬವು ಅದಕ್ಕಿಂತಲೂ ಕಡಿಮೆ. ಮನೆಯಲ್ಲಿ ಒಬ್ಬಿಬ್ಬರು ಆಡುವುದಾದರೆ ಅದರ ಸೌಕರ್ಯವನ್ನು ಅಲ್ಲಗಳೆಯಲಾಗದು.

ಶಾಲೆಯ ಮಾತು ಬೇರೆ. ನಿಸ್ತಂತುವಿನ ಜೀವವೆಲ್ಲ ಬ್ಯಾಟರಿಯಲ್ಲಿದೆ. ಲಿಥಿಯಂ ಬ್ಯಾಟರಿಯು ಬಳಸಿದಷ್ಟೂ ಸವೆಯುತ್ತದೆ, ಬಿಸಿಲಿಗೆ ಇನ್ನಷ್ಟು ಬೇಗ ಸವೆಯುತ್ತದೆ. ರಾಯಚೂರು ಜಿಲ್ಲೆಯ ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ವಾಡಿಕೆ. ಏಪ್ರಿಲ್, ಮೇ ತಿಂಗಳುಗಳ ರಜೆಯಲ್ಲಿ ಬೀಗ ಹಾಕಿದ ಕೋಣೆಯೊಳಗೆ ಬರಿದಾಗಿ ಬಿದ್ದಿರುವ ಬ್ಯಾಟರಿಗಳು ಜೂನಿನಲ್ಲಿ ಎಚ್ಚರಗೊಳ್ಳುವುದೇ ಸಂದೇಹ. ಅಲ್ಲದೆ ಒಂದೊಂದು ಕಂಟ್ರೋಲರನ್ನೂ ಅದರದರ ಯಂತ್ರಕ್ಕೆ ಜೋಡಿಸಬೇಕು. 40 ನಿಮಿಷದ ಅವಧಿಯಲ್ಲಿ ಹತ್ತು ನಿಮಿಷ ಅದಕ್ಕೇ ಸಂದರೆ ಸರತಿಯಲ್ಲಿ ಕೊನೆಗೆ ನಿಂತ ಮಗುವಿನ ಪಾಲು ಹೋದಂತೆಯೇ. ಅದೇ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದ್ದರೂ ಹಳ್ಳಿಗಳಿಗೆ ವಿದ್ಯುತ್ ಕಡಿತವು ಅಪರಿಚಿತವಲ್ಲ. ವಿದ್ಯುತ್ತು ಮರಳಿದೊಡನೆ ತಂತಿಯ ಕಂಟ್ರೋಲರು ಕೆಲಸಕ್ಕೆ ಸಿದ್ಧ. ಚಾರ್ಜು ಕಾಣದ ನಿಸ್ತಂತು ಸಿದ್ಧವಲ್ಲ.

ತಂತಿಗೂ ದೋಷಗಳುಂಟು. ಮಕ್ಕಳು ಎಳೆದಾಡುತ್ತಾರೆ, ಅದು ಬುಡದಲ್ಲಿ ತುಂಡಾಗುತ್ತದೆ, ಕಾಲಿಗೆ ತೊಡರುತ್ತದೆ. ಆದರೆ ಆ ದೋಷವನ್ನು ಪತ್ತೆಹಚ್ಚುವುದು ಸುಲಭ. ಬೆಸುಗೆ ಹಾಕಬಲ್ಲ ರೇಡಿಯೊ, ಮೊಬೈಲ್ ರಿಪೇರಿಯವನು ಅದನ್ನು ಸರಿಪಡಿಸಬಲ್ಲನು. ತಂತಿಯನ್ನು ಮೇಜಿನ ಹಿಂಬದಿಗೆ ಬಿಗಿದರೆ ತೊಡರೂ ತಪ್ಪುತ್ತದೆ, ವಸ್ತುವೂ ತನ್ನ ಸ್ಥಳ ಬಿಟ್ಟು ಹೋಗದು.

ಈ ನಿಯಮಕ್ಕೆ ಅಪವಾದವೊಂದಿರಲೇಬೇಕು. ಗಾಲಿಕುರ್ಚಿಯಲ್ಲಿ ಕುಳಿತ ಮಗುವಿಗೆ ಮೇಜಿನ ಹತ್ತಿರ ಸರಿಯುವುದೇ ಕಷ್ಟವಾಗಬಹುದು. ಅಂತಹ ಮಗುವಿಗೆ ನಿಸ್ತಂತುವು ಅವಶ್ಯಕತೆಯಾಗುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯು 2018ರಲ್ಲಿ ಹೊರತಂದ ಅಡಾಪ್ಟಿವ್ ಕಂಟ್ರೋಲರಿಗೆ ಪಾದದಿಂದಲೋ ಮೊಣಕೈಯಿಂದಲೋ ಒತ್ತಬಲ್ಲ ಗುಂಡಿಗಳನ್ನು ಜೋಡಿಸಬಹುದು. ಅದು ತಂತಿಯಿಂದಲೂ ನಡೆಯುತ್ತದೆ, ನಿಸ್ತಂತುವಾಗಿಯೂ ನಡೆಯುತ್ತದೆ. ಇಂತಹ ಒಂದೆರಡನ್ನು ಕೊಳ್ಳುವ ಹಣ ಉಳಿಯಬೇಕಾದರೆ ಮಿಕ್ಕವು ಸಾದಾ ತಂತಿಯವೇ ಆಗಿರಲಿ.

ದಾನಿಗಳು ಕಾಣಿಕೆಯನ್ನು ಒಪ್ಪಿಸುವ ದಿನದ ಶೋಭೆಯನ್ನು ನೋಡುವುದು ಸಹಜ. ಉಪಾಧ್ಯಾಯರಾದರೋ ಮೂರನೆಯ ವರ್ಷದ ಜೂನ್ ತಿಂಗಳನ್ನು ನೆನೆಯಬೇಕು. ಅಂದು ಎಷ್ಟು ಮಕ್ಕಳ ಕೈಯಲ್ಲಿ ಅದು ಇನ್ನೂ ನಡೆಯುತ್ತಿರುವುದೆಂದು ಕೊಳ್ಳುವ ಮುನ್ನವೇ ಇಬ್ಬರೂ ಕೂಡಿ ಯೋಚಿಸಲಿ. ಕಾಣಿಕೆಯೊಡನೆ ಹೆಚ್ಚುವರಿ ತಂತಿಗಳನ್ನೂ ಒಂದಿಷ್ಟು ದುರಸ್ತಿಯ ಹಣವನ್ನೂ ಇಡಲಿ.