ಷೇರು ಪಟ್ಟಿಯನ್ನೂ ಓದಿ

ರೈತ ಬಾಂಧವರೇ, ಅಡಿಕೆ ಧಾರಣೆ ನೋಡಿ ಪತ್ರಿಕೆ ಮಡಚಬೇಡಿ. ಷೇರು ಪಟ್ಟಿಯನ್ನೂ ಓದಿ. ಅಲ್ಲಿ ಇಂಡಿಯನ್ ಆಯಿಲ್ ಇದೆ, ಘಟ್ಟದ ಕೆಳಗಿನ ಎಂ.ಆರ್.ಪಿ.ಎಲ್. ಕೂಡ ಇದೆ. 2014ರಲ್ಲಿ ಡೀಸೆಲ್ ದರ ಕಟ್ಟುವುದನ್ನು ಸರ್ಕಾರ ಕಂಪನಿಗಳಿಗೇ ಬಿಟ್ಟಿತು. ಕಚ್ಚಾ ಎಣ್ಣೆ ಇಳಿದರೆ ದರವೂ ಇಳಿಯುತ್ತೆ ಅಂದರು. ಆಗಿದ್ದೇನು? 2022ರ ಮೇ ಕಡೆಯಿಂದ 2024ರ ಮಾರ್ಚಿವರೆಗೆ ಬಂಕಿನ ದರ ಕದಲಲಿಲ್ಲ. ಮೊದಮೊದಲು ಕಂಪನಿಗಳಿಗೆ ನಷ್ಟವಾಯ್ತು, ಒಪ್ಪೋಣ. ಆದರೆ 2023-24ರಲ್ಲಿ ಇಂಡಿಯನ್ ಆಯಿಲ್ ಒಂದೇ 39 ಸಾವಿರ ಕೋಟಿಗೂ ಮೇಲೆ ಲಾಭ ತೋರಿಸಿತು. ಡಿವಿಡೆಂಡು ಷೇರುದಾರರಿಗೆ, ಅರ್ಧಕ್ಕಿಂತ ಹೆಚ್ಚು ಷೇರು ಸರ್ಕಾರದ್ದೇ! ಟಿಲ್ಲರಿಗೆ ಎಣ್ಣೆ ಹಾಕೋ ನಮಗೆ? ಚುನಾವಣೆ ಎದುರಿಗೆ ಲೀಟರಿಗೆ 2 ರೂಪಾಯಿ ಇಳಿಕೆ. ಜೂನಿನಲ್ಲಿ ರಾಜ್ಯದ ತೆರಿಗೆ ಅದನ್ನೂ ನುಂಗಿತು. ಮಂಡಿಯಲ್ಲಿ ದರ ಹೇಳೋನು ಕೊಳ್ಳುವವ, ಬಂಕಿನಲ್ಲಿ ಮಾರುವವ. ಕಚ್ಚಾ ಎಣ್ಣೆ ಇಳಿದರೆ ಎಷ್ಟು ದಿನದಲ್ಲಿ ಬಂಕಿನ ದರ ಇಳಿಸಬೇಕು? ಬರುವ ಸಭೆಯಲ್ಲಿ ನಿಮ್ಮ ಸಂಸದರನ್ನು ಇದೊಂದೇ ಕೇಳಿ.