ಬೆಂಚಿನ ಮೇಲಿರುವವಳಿಗೆ ಎಷ್ಟು ನಿಮಿಷ?

ಬಿ.ಎಸ್‌ಸಿ. ಓದುವಾಗ ನಾನು ಕಾಲೇಜಿನ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದೆ. ತಂಡದಲ್ಲಿ 12 ಜನ. ನಾನು ಹೆಚ್ಚುಕಡಿಮೆ ಹತ್ತನೆಯವಳು. ಮೂರು ವರ್ಷಗಳಲ್ಲಿ ನಾನು ಅಂಕಣಕ್ಕಿಳಿದದ್ದೆಲ್ಲ ಒಂದೇ ಬಗೆಯ ಸಂದರ್ಭದಲ್ಲಿ. ನಮ್ಮ ತಂಡ 20 ಅಂಕ ಮುಂದಿರಬೇಕು, ಇಲ್ಲವೇ 20 ಅಂಕ ಹಿಂದಿರಬೇಕು. ಆಟ ಮುಗಿಯಲು ಎರಡು ನಿಮಿಷ ಬಾಕಿ ಇರಬೇಕು. ಆಗ ಕೋಚ್ ಸರ್ ಬೆಂಚಿನ ಕಡೆ ತಿರುಗಿ, "ಹೋಗಮ್ಮ, ನೀನೂ ಒಂಚೂರು ಆಡು" ಎನ್ನುತ್ತಿದ್ದರು. ಅವರು ಒಳ್ಳೆಯವರು. ಬಂದವರನ್ನು ಆಡಿಸದೆ ವಾಪಸು ಕಳಿಸಬಾರದು ಎಂಬುದು ಅವರ ಮನಸ್ಸು. ಆದರೆ ಆ "ನೀನೂ" ಎಂಬ ಮಾತಿನ ಅರ್ಥ ಬೆಂಚಿನಲ್ಲಿದ್ದ ನಮಗೆಲ್ಲ ಗೊತ್ತಿತ್ತು. ಸೋಲು ಗೆಲುವು ತೀರ್ಮಾನವಾದ ಮೇಲೆ ಮಿಕ್ಕಿದ್ದಷ್ಟೇ ನಮ್ಮ ಪಾಲು.

ಆಟಗಾರ್ತಿಯರನ್ನು ಬದಲಾಯಿಸುತ್ತಾ ಆಡಿಸುವುದನ್ನು ಆಟದ ಭಾಷೆಯಲ್ಲಿ ರೊಟೇಷನ್ ಎನ್ನುತ್ತಾರೆ. ರೊಟೇಷನ್ ಎಂದರೆ ಮಿಕ್ಕ ನಿಮಿಷಗಳನ್ನು ಹಂಚುವ ದಯೆಯಲ್ಲ ಎಂಬುದು ನನ್ನ ಅಭಿಪ್ರಾಯ. ಆಟ ಇನ್ನೂ ಯಾರ ಕಡೆಗೂ ವಾಲದಿರುವಾಗಲೇ, ಬೆಂಚಿನವಳಿಗೆ ಮೊದಲೇ ತಿಳಿಸಿಟ್ಟ ಒಂದು ನಿಜವಾದ ಕೆಲಸವನ್ನು ಕೊಡುವುದು ರೊಟೇಷನ್. ಬೋಧನಾಭ್ಯಾಸಕ್ಕೆ ಹೋಗುವ ನಾವು ಈ ವಿಷಯವನ್ನು ಯೋಚಿಸಲೇಬೇಕು ಎಂದು ನನಗೆ ಅನ್ನಿಸಿದ್ದು ಎಂಟನೆಯ ತರಗತಿಯ ಒಂದು ವಿಜ್ಞಾನ ಪಾಠದ ನಂತರ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸ್ವಲ್ಪ ಲೆಕ್ಕ. ಬ್ಯಾಸ್ಕೆಟ್‌ಬಾಲ್ ಪಂದ್ಯ 40 ನಿಮಿಷ, ಅಂಕಣದಲ್ಲಿ ಐವರು; ಆದ್ದರಿಂದ ಕೋಚ್ ಕೈಯಲ್ಲಿರುವುದು ಒಟ್ಟು 200 ನಿಮಿಷ. 12 ಜನರಿಗೆ ಸಮನಾಗಿ ಹಂಚಿದರೆ ಒಬ್ಬೊಬ್ಬಳಿಗೆ 16 ನಿಮಿಷ 40 ಸೆಕೆಂಡು. ಯಾವ ಕೋಚ್ ಕೂಡ ಹೀಗೆ ಹಂಚುವುದಿಲ್ಲ, ಹಂಚಬೇಕಾಗಿಯೂ ಇಲ್ಲ. ಆಡಬಲ್ಲವರು ಐದಾರು ಜನ ಮಾತ್ರ ಇರುವ ತಂಡದಲ್ಲಿ ಪ್ರಶ್ನೆಯೇ ಏಳುವುದಿಲ್ಲ, ಅವರೇ ಆಡುತ್ತಾರೆ. ಒಂಬತ್ತನೆಯವಳು ಐದನೆಯವಳಷ್ಟೇ ಚೆನ್ನಾಗಿ ಆಡುವ ತಂಡದಲ್ಲಿ ಕಷ್ಟ. ಅಲ್ಲಿ ಒಬ್ಬಳಿಗೆ ಕೊಟ್ಟ ಪ್ರತಿ ನಿಮಿಷವೂ ಇನ್ನೊಬ್ಬಳಿಂದ ಕಿತ್ತುಕೊಂಡದ್ದೇ ಆಗಿರುತ್ತದೆ.

ಇಂಥ ತಂಡವೊಂದನ್ನು ನಾನು ಹಾಸ್ಟೆಲಿನಲ್ಲಿ ಮೊಬೈಲ್ ಹಿಡಿದು ಗಮನಿಸುತ್ತಾ ಬಂದಿದ್ದೇನೆ. ಅದು ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಮಹಿಳಾ ತಂಡ. 2008ರಿಂದ ಅದರ ಕೋಚ್ ಡಾನ್ ಸ್ಟೇಲಿ. 2023ರಲ್ಲಿ ಈ ತಂಡ 36 ಪಂದ್ಯಗಳನ್ನು ಸತತವಾಗಿ ಗೆದ್ದು, ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್‌ನಲ್ಲಿ ಅಯೋವಾ ತಂಡಕ್ಕೆ 77-73ರಿಂದ ಸೋತಿತು. ಆ ವರ್ಷ ಆಟ ಆರಂಭಿಸುತ್ತಿದ್ದ ಐವರೂ ತಂಡದಿಂದ ಹೊರಹೋದರು. ನಮ್ಮಲ್ಲಿ ಹೀಗಾಗಿದ್ದರೆ "ಇನ್ನೆರಡು ವರ್ಷ ತಂಡ ಮೇಲೇಳುವುದಿಲ್ಲ" ಎನ್ನುತ್ತಿದ್ದೆವು. ಆದರೆ ಮರುವರ್ಷ ಅದೇ ತಂಡ 38 ಪಂದ್ಯಗಳನ್ನಾಡಿ 38ನ್ನೂ ಗೆದ್ದಿತು.

2024ರ ಏಪ್ರಿಲ್ 7ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದ ಫೈನಲ್‌ನಲ್ಲಿ ಎದುರಾಳಿ ಮತ್ತೆ ಅಯೋವಾ. ಆರಂಭದಲ್ಲೇ ಅಯೋವಾ 10-0 ಮುಂದೆ ಹೋಯಿತು. ಅವರ ಕೇಟ್ಲಿನ್ ಕ್ಲಾರ್ಕ್ ಮೊದಲ ಕ್ವಾರ್ಟರ್ ಒಂದರಲ್ಲೇ 18 ಅಂಕ ಗಳಿಸಿದರು. ಉಳಿದ ಮೂರು ಕ್ವಾರ್ಟರ್‌ಗಳಲ್ಲಿ ಅವರಿಗೆ ಸಿಕ್ಕಿದ್ದು 12 ಮಾತ್ರ. ಸೌತ್ ಕೆರೊಲಿನಾ 87-75ರಿಂದ ಗೆದ್ದಿತು. ನಾನು ಗುರುತಿಸಿಟ್ಟುಕೊಂಡ ಅಂಕಿ ಬೇರೆ: ಬೆಂಚಿನಿಂದ ಎದ್ದು ಬಂದವರು ಗಳಿಸಿದ ಅಂಕ ಸೌತ್ ಕೆರೊಲಿನಾಗೆ 37, ಅಯೋವಾಗೆ ಸೊನ್ನೆ. ಗೆದ್ದ ತಂಡದಲ್ಲಿ ಅತಿ ಹೆಚ್ಚು, 19 ಅಂಕ ಗಳಿಸಿದ ಟೆಸ್ಸಾ ಜಾನ್ಸನ್ ಮೊದಲ ವರ್ಷದ ವಿದ್ಯಾರ್ಥಿನಿ. ಆರಂಭದ ಐವರಲ್ಲಿ ಇದ್ದವರಲ್ಲ.

ಬೆಂಚಿನಿಂದಲೇ ಪಂದ್ಯ ಗೆದ್ದರು ಎಂದು ನಾನು ಹೇಳುತ್ತಿಲ್ಲ. ಆ ದಿನ 15 ಅಂಕ, 17 ರಿಬೌಂಡ್ ಗಳಿಸಿ ಟೂರ್ನಿಯ ಶ್ರೇಷ್ಠ ಆಟಗಾರ್ತಿ ಎನಿಸಿಕೊಂಡ ಕಮಿಲಾ ಕಾರ್ಡೋಸೊ ಆರಂಭದಿಂದಲೇ ಆಡಿದವರು. ಆದರೆ ಹಿಂದಿನ ವರ್ಷ ಅವರೂ ಬೆಂಚಿನಿಂದಲೇ ಬರುತ್ತಿದ್ದರು. ಅದೇ ವರ್ಷ ರೇವನ್ ಜಾನ್ಸನ್ ಕೂಡ ಬೆಂಚಿನವರೇ. ಫೈನಲ್‌ನಲ್ಲಿ ಕ್ಲಾರ್ಕ್ ಅವರನ್ನು ಕಾಯುವ ಹೊಣೆ ಹೊತ್ತವರಲ್ಲಿ ಅವರೊಬ್ಬರು. ಐವರು ಹೊರಟುಹೋದಾಗ ತಂಡ ಕುಸಿಯದಿರಲು ಕಾರಣ ಇಲ್ಲಿದೆ. ಮುಂದಿನ ವರ್ಷ ಬೇಕಾಗುವವರು ಈ ವರ್ಷವೇ, ಫಲಿತಾಂಶ ತೀರ್ಮಾನವಾಗದ ನಿಮಿಷಗಳಲ್ಲಿ ಆಡಿ ಪಳಗಿದ್ದರು.

ರೊಟೇಷನ್ ಎಂದರೆ ಮನಸ್ಸಿಗೆ ಬಂದಾಗ ಒಬ್ಬಳನ್ನು ಕರೆದು ಇನ್ನೊಬ್ಬಳನ್ನು ಕಳಿಸುವುದಲ್ಲ. ಬೆಂಚಿನಲ್ಲಿ ಕೂತು ಆಟ ನೋಡಿದವಳಿಗೆ ಇದು ಚೆನ್ನಾಗಿ ಕಾಣಿಸುತ್ತದೆ. ಒಬ್ಬಳಿಗೆ ಐದು ಫೌಲ್ ಆದರೆ ಪಂದ್ಯದಿಂದಲೇ ಹೊರಗೆ. ಆದ್ದರಿಂದ ಬೇಗ ಎರಡು ಫೌಲ್ ಮಾಡಿಕೊಂಡವಳನ್ನು ಸಾಮಾನ್ಯವಾಗಿ ಕೂರಿಸುತ್ತಾರೆ, ಅವಳ ಜಾಗಕ್ಕೆ ಯಾರು ಎಂಬುದು ಮೊದಲೇ ಗೊತ್ತಿರಬೇಕು. ಯಾರ ಜೊತೆ ಯಾರು ಎಂಬುದೂ ಮುಖ್ಯ. ಒತ್ತಡದಲ್ಲೂ ಚೆಂಡನ್ನು ಮುಂದೆ ತರಬಲ್ಲ ಒಬ್ಬಳು ಸದಾ ಅಂಕಣದಲ್ಲಿ ಇರಬೇಕು. ಅವಳನ್ನೂ ಸೇರಿಸಿ ಎಲ್ಲರನ್ನೂ ಒಟ್ಟಿಗೆ ಬದಲಿಸಿದರೆ ಹೊಸದಾಗಿ ಬಂದವರು ಕಂಗಾಲಾಗುತ್ತಾರೆ. ಆಮೇಲೆ ಬಹಳ ಕೋಚ್‌ಗಳು ಮರೆಯುವ ವಿಷಯ: ಬೆಂಚಿನಿಂದ ಬಂದವಳಿಗೆ ಆಟದ ಓಟಕ್ಕೆ ಹೊಂದಿಕೊಳ್ಳಲು ಒಂದೆರಡು ನಿಮಿಷ ಬೇಕು. ಮೊದಲ ತಪ್ಪಿಗೇ ಅವಳನ್ನು ಹೊರಗೆ ಕರೆದರೆ, ಮುಂದಿನ ಸಲ ಅವಳ ಕಣ್ಣು ಬುಟ್ಟಿಯ ಮೇಲಿರುವುದಿಲ್ಲ, ಕೋಚ್ ಮುಖದ ಮೇಲಿರುತ್ತದೆ. ನನ್ನ ಕಣ್ಣು ಮೂರು ವರ್ಷವೂ ಅಲ್ಲೇ ಇತ್ತು.

ಈಗ ಎಂಟನೆಯ ತರಗತಿಗೆ ಬರೋಣ. ಬೋಧನಾಭ್ಯಾಸದ ಎರಡನೆಯ ವಾರ, "ಬಲ ಮತ್ತು ಒತ್ತಡ" ಪಾಠ, 46 ಮಕ್ಕಳು, 40 ನಿಮಿಷದ ಪೀರಿಯಡ್. ಪಾಠ ಸಲೀಸಾಗಿ ಹೋಯಿತೆಂದು ನಾನು ಖುಷಿಯಲ್ಲಿದ್ದೆ. ಹಿಂದೆ ಕೂತು ವೀಕ್ಷಿಸಿದ ನನ್ನ ಗೆಳತಿ, ಯಾರು ಯಾರು ಉತ್ತರಿಸಿದರು ಎಂದು ಗೆರೆ ಎಳೆದು ಲೆಕ್ಕ ಇಟ್ಟಿದ್ದಳು. ನಾನು ಕೇಳಿದ 19 ಪ್ರಶ್ನೆಗಳಲ್ಲಿ 14ಕ್ಕೆ ಉತ್ತರಿಸಿದವರು ಐದೇ ಮಕ್ಕಳು. ಪಾಠವನ್ನು ಅವರೇ ಆಡಿದ್ದರು. ಕಿಟಕಿ ಪಕ್ಕದ ಕೊನೆಯ ಬೆಂಚಿನ ಒಬ್ಬ ಹುಡುಗಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ, ಅದೂ ಗಂಟೆ ಹೊಡೆಯುವ ಹೊತ್ತಿಗೆ. ಕೇಳಿದ ರೀತಿಯನ್ನೂ ಗೆಳತಿ ಬರೆದುಕೊಂಡಿದ್ದಳು: "ನೀನೂ ಒಂದು ಹೇಳಮ್ಮ." ಓದಿದಾಗ ನನಗೆ ನಮ್ಮ ಕೋಚ್ ಸರ್ ದನಿಯೇ ಕೇಳಿಸಿತು.

ಮುಂದಿನ ಪಾಠಕ್ಕೆ ನಾನು ಪಾಠಯೋಜನೆಯ ಅಂಚಿನಲ್ಲಿ ಹೆಸರುಗಳನ್ನು ಬರೆದುಕೊಂಡೆ. ದ್ರವದ ಒತ್ತಡ ಆಳದೊಂದಿಗೆ ಹೆಚ್ಚುತ್ತದೆ ಎಂದು ತೋರಿಸಲು ಪ್ಲಾಸ್ಟಿಕ್ ಬಾಟಲಿಗೆ ಬೇರೆ ಬೇರೆ ಎತ್ತರದಲ್ಲಿ ತೂತು ಮಾಡಿ ನೀರು ತುಂಬುವ ಚಟುವಟಿಕೆ ಇತ್ತು. ಹಿಂದಿನ ದಿನವೇ ಆ ಹುಡುಗಿಯನ್ನು ಕರೆದು, "ನಾಳೆ ಇದನ್ನು ನೀನು ಮಾಡಿ ತೋರಿಸಬೇಕು, ಪಾಠದ ನಡುವೆ" ಎಂದು ಹೇಳಿ ಬಾಟಲಿ ಕೊಟ್ಟು ಕಳಿಸಿದೆ. ಮರುದಿನ ಅವಳು ತೂತುಗಳಿಗೆ ಅಂಟಿಸಿದ್ದ ಟೇಪ್ ಮೊದಲೇ ಬಿಟ್ಟುಕೊಂಡಿತು. ಮೇಜೆಲ್ಲ ನೀರು, ತರಗತಿ ನಕ್ಕಿತು. ಬಾಟಲಿಯನ್ನು ನಾನೇ ಕಸಿದುಕೊಂಡು ಮಾಡಿ ಮುಗಿಸಬೇಕೆಂದು ಕೈ ಮುಂದಾಯಿತು. ಹಿಂದೆ ಮಾರ್ಗದರ್ಶಕ ಉಪನ್ಯಾಸಕರು ಕೂತಿದ್ದರು. ಹೇಗೋ ತಡೆದುಕೊಂಡೆ. ಅವಳು ಮೇಜು ಒರೆಸಿ, ಇನ್ನೊಮ್ಮೆ ನೀರು ತುಂಬಿ, ಟೇಪ್ ಕಿತ್ತಳು. ಕೆಳಗಿನ ತೂತಿನಿಂದ ನೀರು ಹೆಚ್ಚು ರಭಸವಾಗಿ ಚಿಮ್ಮಿತು. ಯಾಕೆ ಎಂದಾಗ, "ಮೇಲಿನ ನೀರೆಲ್ಲ ಅದರ ಮೇಲೆ ಕುಂತೈತಲ್ಲ ಮಿಸ್" ಎಂದಳು. ಅದಕ್ಕಿಂತ ಸರಿಯಾಗಿ ನಾನು ಹೇಳಲಾರೆ.

ಪಾಠ ಸಮಯಕ್ಕೆ ಮುಗಿಯಲಿಲ್ಲ. "ಮೌಲ್ಯಮಾಪನ ಹಂತ ಅಪೂರ್ಣ, ಸಮಯ ನಿರ್ವಹಣೆ ಸುಧಾರಿಸಬೇಕು" ಎಂದು ವೀಕ್ಷಣಾ ಹಾಳೆಯಲ್ಲಿ ಬಂತು. ಅದು ನ್ಯಾಯವಾದ ಮಾತು, ದೂರುತ್ತಿಲ್ಲ. ಬೆಂಚಿನವರನ್ನು ಆಡಿಸಲು ಬೆಲೆ ತೆರಬೇಕಾಗುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

ಆ ಬೆಲೆಯನ್ನು ದೊಡ್ಡ ತಂಡಗಳೂ ತೆರುತ್ತವೆ. ಸೌತ್ ಕೆರೊಲಿನಾದ ಮಿಲೇಸಿಯಾ ಫುಲ್‌ವೈಲಿ ಎರಡು ವರ್ಷ ಹೆಚ್ಚಾಗಿ ಬೆಂಚಿನಿಂದಲೇ ಬಂದು ಆಡಿ, 2025ರಲ್ಲಿ ಎಲ್‌ಎಸ್‌ಯು ತಂಡಕ್ಕೆ ಹೋದರು. ಅದೇ ವರ್ಷದ ಫೈನಲ್‌ನಲ್ಲಿ ಸೌತ್ ಕೆರೊಲಿನಾ 82-59ರಿಂದ ಯುಕಾನ್‌ಗೆ ಸೋತಿತು. ಆದ್ದರಿಂದ ರೊಟೇಷನ್ ಎಂಬುದು ಗೆಲುವಿನ ಮಂತ್ರವೇನಲ್ಲ. 2021ರ ನಂತರ ಅಮೆರಿಕದ ಕಾಲೇಜು ಆಟಗಾರ್ತಿಯರು ಒಂದು ವರ್ಷ ಸುಮ್ಮನೆ ಕೂರದೆಯೇ ಬೇರೆ ಕಾಲೇಜಿಗೆ ಹೋಗಿ ಆಡಬಹುದು. ಹಾಗಾಗಿ ಅಲ್ಲಿನ ಕೋಚ್ ಪ್ರತಿಯೊಬ್ಬಳಿಗೂ ತನ್ನ ನಿಮಿಷಗಳ ಲೆಕ್ಕ ಒಪ್ಪಿಸಲೇಬೇಕು. ಕಿಟಕಿ ಪಕ್ಕದ ನಮ್ಮ ಹುಡುಗಿಗೆ ಹೋಗಲು ಬೇರೆ ತಂಡವಿಲ್ಲ. ನಿಮಿಷ ಸಿಗದಿದ್ದರೆ ಅವಳು ಹಾಜರಾತಿಯಲ್ಲಿ ಇರುತ್ತಾಳೆ, ಪಾಠದಲ್ಲಿ ಇರುವುದಿಲ್ಲ. ಯಾರೂ ಅವಳ ಪರವಾಗಿ ಲೆಕ್ಕ ಕೇಳುವುದಿಲ್ಲ.

ತರಗತಿ ಪಂದ್ಯವಲ್ಲ, ಅಲ್ಲಿ ಗೆಲ್ಲಬೇಕಾದ ಎದುರಾಳಿ ಇಲ್ಲ ಎಂದು ಕೆಲವರು ಹೇಳಬಹುದು. ಒಪ್ಪುತ್ತೇನೆ; ಆದರೆ ಅದರಿಂದ ನಮ್ಮ ಹೊಣೆ ಹೆಚ್ಚುತ್ತದೆ. ಕೋಚ್ ಹನ್ನೆರಡನೆಯವಳನ್ನು ಆಡಿಸದೆಯೂ ಕಪ್ ಗೆಲ್ಲಬಹುದು. 46ನೆಯ ಮಗುವನ್ನು ಬಿಟ್ಟು ಶಿಕ್ಷಕಿ ಗೆಲ್ಲುವುದು ಏನನ್ನು? ಇಲ್ಲಿ ನಿಮಿಷ ಎಂಬುದು ಪ್ರತಿಭೆಗೆ ಕೊಡುವ ಬಹುಮಾನವಲ್ಲ, ಕಲಿಯಲು ಬೇಕಾದ ಸಾಮಗ್ರಿ.

ಆದ್ದರಿಂದ ಮೂರು ಸಲಹೆಗಳು. ಒಂದು, ನಮ್ಮ ಪಾಠಯೋಜನೆಯಲ್ಲಿ ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ ಎಂಬ ಕಾಲಂಗಳಿವೆ; "ಯಾರು?" ಎಂಬ ಒಂದು ಸಣ್ಣ ಕಾಲಂ ಸೇರಲಿ. ದಿನಕ್ಕೆ ನಾಲ್ಕು ಹೆಸರು ಸಾಕು, ಆದರೆ ಪಾಠದ ನಡುವೆ, ಮುಖ್ಯವಾದ ಹಂತದಲ್ಲಿ, ಮಗುವಿಗೆ ಮೊದಲೇ ತಿಳಿಸಿ. ಎರಡು, ತಪ್ಪು ಉತ್ತರ ಬಂದ ಕೂಡಲೇ "ಬೇರೆ ಯಾರು ಹೇಳ್ತೀರಾ?" ಎಂದು ತಿರುಗದೆ ಆ ಮಗುವಿನ ಜೊತೆ ಇನ್ನೆರಡು ಪ್ರಶ್ನೆಗಳಷ್ಟು ಹೊತ್ತು ನಿಲ್ಲೋಣ. ಮೂರು, ವೀಕ್ಷಣೆಗೆ ಕೂರುವ ಸಹಪಾಠಿಗಳು "ಪಾಠ ಚೆನ್ನಾಗಿತ್ತು" ಎಂದು ಬರೆಯುವ ಬದಲು ಯಾರು ಎಷ್ಟು ಸಲ ಮಾತಾಡಿದರು ಎಂದು ಗೆರೆ ಎಳೆಯಲಿ. ಗೆಳತಿಯ ಆ ಗೆರೆಗಳು ನನಗೆ ಕಲಿಸಿದಷ್ಟನ್ನು ಯಾವ ಹೊಗಳಿಕೆಯೂ ಕಲಿಸಿಲ್ಲ.

ಕೊನೆಯದಾಗಿ ನಮ್ಮ ಗುರುಗಳಲ್ಲಿ ಒಂದು ವಿನಂತಿ. ಹೊರಗಿನವರು ಕಾಲೇಜಿಗೆ ಬಂದಾಗ ಪ್ರಾತ್ಯಕ್ಷಿಕೆ ಪಾಠಕ್ಕೆ ನಿಲ್ಲುವವರು ಸಾಮಾನ್ಯವಾಗಿ ನಿರರ್ಗಳವಾಗಿ ಮಾತಾಡಬಲ್ಲ ಅದೇ ಮೂರು ನಾಲ್ಕು ಜನ. ಅವರು ಯೋಗ್ಯರೇ. ಆದರೆ ಪ್ರಶಿಕ್ಷಣಾರ್ಥಿಗಳಲ್ಲೂ ಬೆಂಚಿನವರಿದ್ದಾರೆ, ಮುಂದಿನ ವರ್ಷ ಅವರೂ ಒಂದು ತರಗತಿಯನ್ನು ಒಬ್ಬರೇ ನಡೆಸಬೇಕು. ಈ ಸಲದ ಪ್ರಾತ್ಯಕ್ಷಿಕೆ ಪಾಠವನ್ನು ಅಂಥ ಒಬ್ಬರಿಗೆ, ಒಂದು ವಾರ ಮೊದಲೇ ತಿಳಿಸಿ, ಕೊಟ್ಟು ನೋಡಬೇಕೆಂದು ಕೋರುತ್ತೇನೆ. ಟೇಪ್ ಬಿಟ್ಟುಕೊಳ್ಳಬಹುದು, ಮೇಜು ಒದ್ದೆಯಾಗಬಹುದು. ಒರೆಸಿಕೊಂಡು ಇನ್ನೊಮ್ಮೆ ಶುರುಮಾಡಲು ಅವರಿಗೆ ಅಷ್ಟು ನಿಮಿಷ ಬಿಟ್ಟುಕೊಡಿ.