ಕರಿ ಇಂಜಿನ್ನಿಗೆ ನೀಲಿ ಬೋಗಿ ಯಾಕ್ರೀ?

ಈ ದಸರಾದಲ್ಲಿ ನಮ್ಮ ಬೈಯಪ್ಪನಹಳ್ಳಿ ಕಡೆ ನಾಲ್ಕು ಮನೆ ಗೊಂಬೆ ನೋಡ್ಕೊಂಡು ಬಂದೆ. ಮೂರು ಮನೇಲಿ ಆಟದ ರೈಲಿತ್ತು. ಮೂರರಲ್ಲೂ ಒಂದೇ ತಪ್ಪು ಕಣ್ರೀ: ಮುಂದೆ ಕರಿ ಸ್ಟೀಮ್ ಇಂಜಿನ್ನು, ಹಿಂದೆ ನೀಲಿ ಬೋಗಿ. ಒಂದು ಮನೇಲಂತೂ ವಂದೇ ಭಾರತ್‌ದು ಬಿಳೀ ಬೋಗಿ!

"ಯಾರು ನೋಡ್ತಾರೆ ಆಂಟಿ, ಮಕ್ಕಳಾಟ" ಅಂದ ಆ ಮನೆ ಹುಡುಗ. ನಾನು ನೋಡ್ತೀನಪ್ಪಾ. ಮೇಲಿನ ಮೆಟ್ಟಿಲ ಪಟ್ಟದ ಗೊಂಬೆ ರಾಜನ ಕೈಗೆ ಮೊಬೈಲು ಕೊಡ್ತೀರಾ? ಕೊಡಲ್ಲ. ರಾಜನಿಗೆ ಕೊಡೋ ಮರ್ಯಾದೆ ರೈಲಿಗೆ ಯಾಕಿಲ್ಲ?

ನಮ್ಮ ಮಾವನೋರೂ ಜೊತೇಲಿದ್ರು. ಸ್ಟೀಮ್ ಇಂಜಿನ್ನಲ್ಲಿ ಫೈರ್‌ಮನ್ ಆಗಿ ಕಲ್ಲಿದ್ದಲು ಎರಚಿದವರು. ಬಗ್ಗಿ ನೋಡಿ ಒಂದೇ ಮಾತು ಕೇಳಿದ್ರು: "ಇದಕ್ಕೆ ಬ್ರೇಕು ಹೆಂಗಪ್ಪಾ ಹಿಡಿಯುತ್ತೆ?" ಎಲ್ಲರೂ ನಕ್ಕರು. ಅವರು ತಮಾಷೆ ಮಾಡಿರ್ಲಿಲ್ಲ.

ಸ್ಟೀಮ್ ಕಾಲದ ಗಾಡಿಗಳದ್ದು ವ್ಯಾಕ್ಯೂಮ್ ಬ್ರೇಕು. ಉದ್ದಕ್ಕೂ ಇರೋ ಪೈಪಿನಿಂದ ಇಂಜಿನ್ನು ಗಾಳಿ ಎಳೆದುಬಿಟ್ಟರೆ ಬ್ರೇಕು ಬಿಡುತ್ತೆ, ಗಾಳಿ ಒಳಗೆ ಹೋದರೆ ಹಿಡಿಯುತ್ತೆ. ಚೈನ್ ಎಳೆದಾಗ ಬುಸ್ ಅಂತಿತ್ತಲ್ಲ, ಅದೇ. ಆ ಬೋಗಿಗಳಿಗೆ ಇಟ್ಟಿಗೆ ಕೆಂಪು ಬಣ್ಣ. ನೀಲಿ ಬಣ್ಣ ಬಂದಿದ್ದು 1990ರ ದಶಕದಲ್ಲಿ, ಏರ್ ಬ್ರೇಕಿನ ಬೋಗಿಗಳ ಗುರುತಾಗಿ. ಅದರ ಪೈಪಲ್ಲಿ ಒತ್ತಿ ತುಂಬಿದ ಗಾಳಿ ಇರಬೇಕು, ಒಂದು ಇನ್ನೊಂದಕ್ಕೆ ಪೂರ್ತಿ ಉಲ್ಟಾ. ಬಣ್ಣ ಬರೀ ಚೆಂದಕ್ಕಲ್ಲ ಅಂತ ನಾನು ಹೇಳೋದು ಇದಕ್ಕೇ.

"ಊಟಿ ರೈಲಿಗೂ ನೀಲಿ ಬೋಗಿನೇ ಅಲ್ವಾ?" ಅಂತೀರಿ. ಹೌದು. ಆದ್ರೆ ಅದು ಮೀಟರ್ ಗೇಜು, ಹಲ್ಲುಕಂಬಿ ಹಿಡ್ಕೊಂಡು ಹತ್ತೋ ಗಾಡಿ. ಮೆಟ್ಟುಪಾಳ್ಯದಿಂದ ಕೂನೂರಿಗೆ ಇಂಜಿನ್ನು ಹಿಂದಿನಿಂದ ತಳ್ಳುತ್ತೆ. ಊಟಿ ರೈಲೇ ಬೇಕಂದ್ರೆ ಊಟಿ ಇಂಜಿನ್ನೇ ತನ್ನಿ, ಹಿಂದೆ ಇಡಿ. ನಮ್ಮ ಜೋಲಾರಪೇಟೆ ಲೈನು 1864ರಿಂದಲೂ ಬ್ರಾಡ್ ಗೇಜು. ಮೂತಿ ಮುಂದೆ ಬಂದ ಡಬ್ಲ್ಯೂಪಿ ಇಂಜಿನ್ನು ಬ್ರಾಡ್ ಗೇಜಿಂದು. ವೈಪಿ ಇಟ್ಟರೆ ಅದು ಮೀಟರ್ ಗೇಜು, ಹಳೇ ಮೈಸೂರು ಲೈನಿನ ಥರದ್ದು. ಅದಕ್ಕೆ ಬ್ರಾಡ್ ಗೇಜ್ ಬೋಗಿ ಕಟ್ಟಿದ್ರೆ ಅದೂ ತಪ್ಪೇ.

ಹಾಗಂತ ಸಾವಿರಾರು ರೂಪಾಯಿ ಸುರೀರಿ ಅಂತಿಲ್ಲ. ಪೆರಂಬೂರಿನ ಐಸಿಎಫ್‌ನಲ್ಲಿ 1955ರಿಂದ ತಯಾರಾದ ಬೋಗಿಗಳು ಮೊದಲು ಕೆಂಪಗೇ ಇದ್ದವು. ಆಮೇಲಿನ ನೀಲಿಯವೂ ಅದೇ ಆಕಾರ. ಅಂದ್ರೆ ಮನೇಲಿರೋ ನೀಲಿ ಬೋಗಿಗೆ ಒಂದು ಡಬ್ಬಿ ಪೇಂಟ್ ಸಾಕು! ಎಲ್ಲಾ ಒಂದೇ ಥರ ಇರಲೇಬೇಕು ಅಂತಾನೂ ಇಲ್ಲ. ಆಗ ಹಳೇ ಮರದ ಬೋಗಿ, ಹೊಸ ಉಕ್ಕಿನ ಬೋಗಿ ಒಟ್ಟಿಗೇ ಓಡ್ತಿದ್ವು. ಕೊನೇಲಿ ಗಾರ್ಡಿನ ಬೋಗಿ ಮರೀಬೇಡಿ. 1974ಕ್ಕಿಂತ ಹಿಂದಿನ ಗಾಡಿ ಅಂದ್ರೆ ಮೂರನೇ ಕ್ಲಾಸು ಅಂತ ಬರೀರಿ, ಆ ವರ್ಷ ಅದನ್ನ ತೆಗೆದುಹಾಕಿದ್ರು. ನೀಲಿನೇ ಇಷ್ಟ ಅಂದ್ರೆ ಮುಂದೆ ಡೀಸೆಲ್ ಇಂಜಿನ್ ಇಡಿ, ನನ್ನ ತಕರಾರೇ ಇಲ್ಲ.

ಬ್ರಾಡ್ ಗೇಜಲ್ಲಿ ಸ್ಟೀಮ್ ನಿಂತಿದ್ದು 1995ರಲ್ಲಿ. ಈಗಿನ ಮಕ್ಕಳು ಇಲ್ಲಿ ನೋಡೋದು 2022ರಲ್ಲಿ ಶುರುವಾದ ವಿಶ್ವೇಶ್ವರಯ್ಯ ಟರ್ಮಿನಲ್ಲನ್ನ. ಕರಿ ಇಂಜಿನ್ನು ಹೆಂಗಿತ್ತು ಅಂತ ಅವರಿಗೆ ತೋರಿಸೋದು ನಿಮ್ಮ ಗೊಂಬೆ ಮೆಟ್ಟಿಲೇ. ಅಲ್ಲೇ ಸುಳ್ಳು ತೋರಿಸಿದ್ರೆ, ಮೈ ಸುಟ್ಟುಕೊಂಡು ದುಡಿದ ಮಾವನಂಥೋರ ಮಾತು ಮಕ್ಕಳಿಗೆ ತಮಾಷೆ ಥರಾನೇ ಕೇಳುತ್ತೆ.

ಬರೋ ದಸರಾಕ್ಕೂ ಅವರನ್ನ ಕರ್ಕೊಂಡೇ ಬರ್ತೀನಿ. ಕೋಸಂಬರಿ ಕೈಗೆ ಕೊಟ್ರೂ ಸರಿ, ಮೊದಲು ಬಗ್ಗಿ ಬ್ರೇಕ್ ಪೈಪೇ ನೋಡ್ತಾರೆ.